ತಿರುಗಬಾರದ ಬುತ್ತಿ

ನಾನು ಕಾರು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಬರೀ ಸಿಟ್ಟಿನಿಂದ. ನಮ್ಮ ಯಜಮಾನರು ಒಂದು ದಿನ ಚಹಾ ಕುಡಿಯುತ್ತ, "ಕಾರ್ ಹೊಡಿಯೋದಂದ್ರ ರೊಟ್ಟಿ ಬಡದಂಗಲ್ಲ," ಎಂದರು. ಅವರಿಗೆ ಕಾರು ಹೊಡೆಯಲು ಬರುವುದಿಲ್ಲ, ರೊಟ್ಟಿ ಬಡಿಯಲೂ ಬರುವುದಿಲ್ಲ. ಎರಡೂ ಬಾರದ ಮನುಷ್ಯ ಎರಡನ್ನೂ ತೂಗಿ ನೋಡಿದವರ ಹಾಗೆ ಮಾತಾಡಿದ್ದು ನನಗೆ ತಡೆಯಲಾಗಲಿಲ್ಲ. ಮರುದಿನ ನಾನು ಪಾಠ ಹೇಳುವ ಶಾಲೆ ಬಿಟ್ಟ ಕೂಡಲೇ ಹೋಗಿ, ಗಾಡಿ ಕಲಿಸುವವರ ಹತ್ತಿರ ಹೆಸರು ಹಚ್ಚಿ ಬಂದೆ. ಆರು ತಿಂಗಳಲ್ಲಿ ಲೈಸೆನ್ಸ್ ಬಂತು, ಎಂಟನೆಯ ತಿಂಗಳಿಗೆ ಯಾರೋ ಬಳಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ನರಗುಂದದ ನಮ್ಮ ಮನೆ ಮುಂದೆ ಬಂದು ನಿಂತಿತು.

ನನಗೊಂದು ರೋಗವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಬರಿಯಾದರೆ ಉಳಿದವರಿಗೆ ಬೆವರು ಬರುತ್ತದೆ, ನನಗೆ ನಗು ಬರುತ್ತದೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಿರಿ ಎಂದಾಗ ಎಂಟು ಮುಗಿಯುವ ತನಕ ನಕ್ಕೆ. ನನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗಲೂ ನಕ್ಕಿದ್ದೆ. ಯಜಮಾನರು ಅದನ್ನು ಸಂತೋಷ ಎಂದು ತಿಳಿದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಹೋದ ವರ್ಷ ನನ್ನ ತಂಗಿಯ ಕುಬುಸದ, ಅಂದರೆ ಸೀಮಂತದ, ದಿನ ಈ ರೋಗ ಹದ್ದು ಮೀರಿತು. ತಂಗಿಯನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ. ಅವಳ ಗಂಡ ಮಗ್ಗದ ಸೀರೆಗಳ ವ್ಯಾಪಾರಿ. ಮದುವೆಯಾಗಿ ಒಂಬತ್ತು ವರ್ಷ ದವಾಖಾನೆಯ ಮೆಟ್ಟಿಲು ಹತ್ತಿ ಇಳಿದು, ಇನ್ನು ಸಾಕು ಎಂದು ಎಲ್ಲರೂ ಸುಮ್ಮನಾದ ಮೇಲೆ ಬಸುರಾದವಳು. ಏಳನೆಯ ತಿಂಗಳಲ್ಲಿ ಕುಬುಸ ಗೊತ್ತಾಯಿತು. ಕುಬುಸಕ್ಕೆ ತವರಿನವರು ಹಸಿರು ಸೀರೆ, ಹಸಿರು ಖಣ ಒಯ್ಯಬೇಕು, ಅದಕ್ಕಿಂತ ಮುಖ್ಯವಾಗಿ ಬುತ್ತಿ ಒಯ್ಯಬೇಕು. ಬಸುರಿಯ ಬಯಕೆಯ ತಿನಿಸೆಲ್ಲ ಆ ಬುತ್ತಿಯಲ್ಲಿರಬೇಕು. ನಮ್ಮ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಹಾಗಾಗಿ ಬುತ್ತಿಯ ಹೊಣೆ ಅವ್ವನ ಅಕ್ಕ, ನಮ್ಮ ದೊಡ್ಡವ್ವನ ತಲೆಗೆ ಬಂತು. ಎಪ್ಪತ್ತಮೂರು ವರ್ಷದ ಮುದುಕಿ, ನಮ್ಮ ಓಣಿಯಲ್ಲೇ ಇರುತ್ತಾಳೆ. ಅವಳ ಬೆನ್ನು ಬಾಗಿದೆ, ಮಾತು ಇನ್ನೂ ಬಾಗಿಲ್ಲ.

ಹಿಂದಿನ ದಿನ ತಂಗಿ ಫೋನು ಮಾಡಿದಳು. "ಅಕ್ಕಾ, ನಂಗ ಇಲ್ಲಿ ಏನೂ ಬಾಯಿಗೆ ಸೇರವಲ್ತು. ನಾಳೆ ದೊಡ್ಡವ್ವನ ಬುತ್ತಿ ಬರೋತನಕ ನಾ ಒಂದು ಅಗಳೂ ಬಾಯಾಗ ಹಾಕೋದಿಲ್ಲ. ಹೇಳೇನಿ ನೋಡು."

"ಹುಚ್ಚಿ, ಹೊಟ್ಟ್ಯಾಗ ಕೂಸೈತಿ. ಒಂದೀಟು ಉಪ್ಪಿಟ್ಟರೆ ತಿನ್ನು."

"ಹನ್ನೊಂದಕ್ಕ ಬರ್ತೀರಿ ಹೌದಲ್ಲ? ಹನ್ನೊಂದರ ತನಕ ತಡಕೊಳ್ಳಾಕ ಬರ್ತೈತಿ ನಂಗ."

ಹಟ ಅವಳಿಗೆ ಅವ್ವನಿಂದ ಬಂದದ್ದು. ಅವ್ವ ಒಂದು ಮಾತು ಆಡಿದರೆ ಆಡಿದಳೇ. ಇವಳು ಹನ್ನೊಂದರವರೆಗೆ ಉಪವಾಸ ಎಂದಳೆಂದರೆ, ನಾವು ಸಂಜೆ ಮುಟ್ಟಿದರೆ ಸಂಜೆಯವರೆಗೂ ಉಪವಾಸವೇ. ಕೂಸನ್ನು ಹೊತ್ತುಕೊಂಡು ಹಸಿದು ಕೂರುವ ತಂಗಿಯನ್ನು ನೆನೆಸಿಕೊಂಡು ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ದೊಡ್ಡವ್ವ ಮೂರು ದಿನದಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ, ಕೆಂಪು ಖಾರ, ಎಲ್ಲಕ್ಕೂ ಮೇಲೆ ಮೊಸರು ಬುತ್ತಿ. ಎಲ್ಲವನ್ನೂ ಒಂದು ದೊಡ್ಡ ಬುಟ್ಟಿಯಲ್ಲಿಟ್ಟು ಬಿಳಿ ಧೋತರದ ಬಟ್ಟೆಯಲ್ಲಿ ಗಂಟು ಕಟ್ಟಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡಳು. ಡಿಕ್ಕಿಯಲ್ಲಿ ಇಡೋಣ ಎಂದದ್ದಕ್ಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಒಂದ ಮಾತು ಹೇಳ್ತೇನಿ, ಇಬ್ಬರೂ ಕೇಳ್ರಿ," ಎಂದಳು. "ಬುತ್ತಿ ಹೊತಗೊಂಡು ಹೊಂಟ ಮ್ಯಾಲೆ ಹಿಂದಕ್ಕ ತಿರುಗಬಾರದು. ಏನ ಬಂದ್ರೂ ಮುಂದ ನಡೀಬೇಕು."

ಹಿರಿಯರ ಪದ್ಧತಿ, ಇರಲಿ ಎಂದು ನಾನು ಹೂಂಗುಟ್ಟಿದೆ. ಓಣಿಯ ತಿರುವು ದಾಟುವುದರೊಳಗೆ ಆ ಪದ್ಧತಿಯ ಬಿಸಿ ತಟ್ಟಿತು. ಮುಂದಿನ ಸೀಟಿನಲ್ಲಿದ್ದ ಯಜಮಾನರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡು, "ಚಾಳೀಸ್ ಮರತೇನಿ," ಎಂದರು. ಕನ್ನಡಕವಿಲ್ಲದಿದ್ದರೆ ಅವರಿಗೆ ದೂರದ್ದು ಕಾಣುವುದಿಲ್ಲ. ಮನೆ ಇನ್ನೂರು ಹೆಜ್ಜೆ ಹಿಂದಿತ್ತು.

"ದೊಡ್ಡವ್ವ, ಒಂದ ನಿಮಿಷ, ತಿರುಗಿಸಿ ತಗೊಂಡು ಬರೂಣು," ಎಂದೆ.

"ತಿರುಗಂಗಿಲ್ಲ."

"ನಾ ಓಡಿ ಹೋಗಿ ತರ್ತೇನ್ರಿ," ಎಂದರು ಯಜಮಾನರು.

"ಹೋಗ್ರಿ ಅಳಿಯಂದ್ರ, ಯಾರು ಬ್ಯಾಡಂದ್ರು? ಬುತ್ತಿ ನಿಮ್ಮ ಸಲುವಾಗಿ ನಿಂದರೂದಿಲ್ಲ."

ಅವರು ಇಳಿಯಲಿಲ್ಲ. ಹೀಗೆ, ದಾರಿ ಬೋರ್ಡು ಓದಿ ಹೇಳಬೇಕಾದ ಮನುಷ್ಯ ಕಣ್ಣಿಲ್ಲದೆ ನನ್ನ ಪಕ್ಕದಲ್ಲಿ ಕೂತು ಹೊರಟ.

ದಾರಿಯಲ್ಲಿ ಹೊಳೆಮಣ್ಣೂರಿಗೆ ಹೋಗುವ ದಾರಿ ಒಡೆಯುವ ಕಡೆ ಕನ್ನಡಿಯಲ್ಲಿ ದೊಡ್ಡವ್ವನನ್ನು ನೋಡಿದೆ. ಹೊಳೆಮಣ್ಣೂರು ನಮ್ಮ ಅಪ್ಪನ ಊರು. ಮಲಪ್ರಭೆ ಮನೆಯೊಳಗೆ ಬಂದು ಹೋಗುವುದು ಹೆಚ್ಚಾದ ಮೇಲೆ ಅಪ್ಪ ಅಲ್ಲಿಂದ ಎದ್ದು ನರಗುಂದಕ್ಕೆ ಬಂದ. ಆ ದಾರಿ ಬಂದಾಗಲೆಲ್ಲ ದೊಡ್ಡವ್ವ ಮಾರಿ ಆಚೆ ತಿರುಗಿಸಿಕೊಳ್ಳುತ್ತಾಳೆ. ಆ ದಿನವೂ ಹಾಗೇ ಮಾಡಿದಳು, ಬುತ್ತಿಯ ಗಂಟನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವ್ವನ ನೆನಪಾಗಿರಬೇಕೆಂದುಕೊಂಡು ನಾನು ಗೇರು ಬದಲಿಸಿದೆ.

ರೋಣ ದಾಟಿದೆವು. ಹತ್ತೂವರೆ ಕೂಡ ಆಗಿರಲಿಲ್ಲ. ದೂರದಲ್ಲಿ ಗಜೇಂದ್ರಗಡದ ಗುಡ್ಡ, ಅದರ ಮೇಲೆ ಸಾಲಾಗಿ ನಿಂತ ಗಾಳಿಯ ಫ್ಯಾನುಗಳು ಕಂಡವು. ಗುಡ್ಡ ಕಂಡ ಮೇಲೆ ಇನ್ನೇನು, ಊರು ಬಂದಂತೆಯೇ. ನಾನು ಹುರುಪಿನಿಂದ ಒಂದು ಹಾಡಿನ ಸೊಲ್ಲೆತ್ತಿದ್ದೆ ಕೂಡ. ಆಗ ಎದುರಿಗೆ ಅದು ಬಂತು.

ಹಿಂದೆ ಅಲ್ಲಿ ಒಂದು ಜಾಲಿ ಮರ, ಅದರ ಬುಡದಲ್ಲಿ ಮೈಲುಗಲ್ಲು, ಎರಡು ಕವಲು ಇದ್ದವು. ಕಣ್ಣು ಮುಚ್ಚಿಕೊಂಡು ಹೋಗಬಹುದಿತ್ತು. ಈಗ ಜಾಲಿ ಮರ ಇಲ್ಲ, ಕವಲು ಇಲ್ಲ. ನಡುವೆ ಸಿಮೆಂಟಿನ ದೊಡ್ಡ ಸರ್ಕಲ್ಲು, ಅದರ ಸುತ್ತ ಐದು ಬಾಯಿ. ಐದೂ ರಸ್ತೆಗಳು ಒಂದೇ ಅಗಲ, ಒಂದೇ ಕರಿ ಬಣ್ಣ, ಒಂದೇ ಬಿಳಿ ಗೀಟು. ಸರ್ಕಲ್ಲಿನ ನಡುವೆ ಎದೆಯೆತ್ತರದ ಒಂದು ಪೀಠ. ಅದರ ಮೇಲೆ ಯಾರ ಮೂರ್ತಿ ಕೂರಬೇಕು ಎಂಬುದಿನ್ನೂ ಇತ್ಯರ್ಥವಾಗಿರಲಿಲ್ಲವಂತೆ, ಪೀಠ ಬರಿದಾಗಿತ್ತು. ಆದರೆ ನಮ್ಮ ಕಡೆ ಪೀಠ ಬರಿದಾಗಿದ್ದರೆ ಜನ ಬಿಡುತ್ತಾರೆಯೇ? ಯಾರೋ ಕುಂಕುಮ ಹಚ್ಚಿದ್ದರು, ಇನ್ಯಾರೋ ಕಾಯಿ ಒಡೆದಿದ್ದರು, ಒಂದು ಚೆಂಡುಹೂವಿನ ಮಾಲೆಯೂ ಬಿದ್ದಿತ್ತು.

"ಕೈ ಮುಗೀರಿ," ಎಂದಳು ದೊಡ್ಡವ್ವ. "ದೇವರ ಕಟ್ಟಿ."

"ದೊಡ್ಡವ್ವ, ಅದು ಸರ್ಕಲ್."

"ಸುತ್ತ ಹಾಕಾಕ ಜಾಗಾ ಬಿಟ್ಟಾರ, ನಡಬರಕ ಕಟ್ಟಿ ಐತಿ, ಕುಂಕುಮ ಐತಿ. ಇದಕ್ಕಿಂತ ಹೆಚ್ಚು ಏನ ಬೇಕು? ಕೂಸಿನ ಸಲುವಾಗಿ ಹೊಂಟೇವಿ. ಐದು ಸುತ್ತು ಹಾಕು."

ರಸ್ತೆ ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ಸರ್ಕಲ್ಲು ಸುತ್ತುವ ದಿಕ್ಕೂ ಪ್ರದಕ್ಷಿಣೆಯ ದಿಕ್ಕೂ ಒಂದೇ. ಎರಡರಲ್ಲೂ ನಡುವಿನದು ನಮ್ಮ ಬಲಕ್ಕಿರುತ್ತದೆ. ಹಾಗಾಗಿ ನನಗೆ ವಾದಿಸಲು ಏನೂ ಸಿಗಲಿಲ್ಲ. ಮೇಲಾಗಿ ಹೇಗೂ ಬೋರ್ಡುಗಳನ್ನು ಓದಲು ಒಂದು ಸುತ್ತು ಹಾಕಲೇಬೇಕಿತ್ತು.

ಮೊದಲ ಬಾಯಿಯ ಬೋರ್ಡನ್ನು ಯಾರದೋ ಹುಟ್ಟುಹಬ್ಬದ ಬ್ಯಾನರು ಮುಚ್ಚಿತ್ತು. ಕೆಳಗೆ ಬಾಣದ ಗುರುತು ಮತ್ತು ಹನ್ನೊಂದು ಎಂಬ ಅಂಕಿ ಮಾತ್ರ ಉಳಿದಿದ್ದವು. ಅದರ ಪ್ರಕಾರ ಹುಟ್ಟುಹಬ್ಬದ ಮನುಷ್ಯ ನಗುತ್ತ ಎಡಕ್ಕೆ ಹನ್ನೊಂದು ಕಿಲೋಮೀಟರ್ ದೂರದಲ್ಲಿದ್ದ. ಎರಡನೆಯ ಬಾಯಿಯಲ್ಲಿ ಕಂಬವಿತ್ತು, ಬೋರ್ಡಿರಲಿಲ್ಲ. ಮೂರನೆಯದರಲ್ಲಿ ಹೊಸ ಮೈಲುಗಲ್ಲು, ಹಳದಿ ಬಿಳಿ ಬಣ್ಣ ಬಳಿದು ಅಕ್ಷರ ಬರೆಯುವುದನ್ನು ಬಿಟ್ಟಿದ್ದರು. ನಾಲ್ಕನೆಯದರಲ್ಲಿ ಏನೂ ಇರಲಿಲ್ಲ. ಐದನೆಯದರಲ್ಲಿ ಬೋರ್ಡಿತ್ತು, ಅದರ ಕಂಬಕ್ಕೆ ಒಂದು ಎಮ್ಮೆಯನ್ನು ಕಟ್ಟಿದ್ದರು.

"ಏನ ಬರದೈತ್ರೀ?" ಎಂದೆ.

ಯಜಮಾನರು ಕಣ್ಣು ಸಣ್ಣಗೆ ಮಾಡಿ ನೋಡಿದರು. "ಒಂದು ಎಮ್ಮಿ ಕಾಣ್ತೈತಿ."

"ಎಮ್ಮಿ ನಂಗೂ ಕಾಣ್ತೈತ್ರಿ!"

ಎರಡನೆಯ ಸುತ್ತಿಗೆ ನನ್ನ ನಗು ಶುರುವಾಯಿತು. ಮೂರನೆಯ ಸುತ್ತಿಗೆ ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ಉಳ್ಳಾಗಡ್ಡಿ ಹೇರಿದ ಒಂದು ಟೆಂಪೋ, ಅದರ ಹಿಂದೆ ಎರಡು ಬೈಕು, ಎಲ್ಲರೂ ನಮ್ಮ ಬೆನ್ನು ಹತ್ತಿ ಸುತ್ತುತ್ತಿದ್ದಾರೆ. ಮುಂದಿನವರಿಗೆ ದಾರಿ ಗೊತ್ತಿರಬೇಕು ಎಂದು ನಂಬಿದವರು ಪಾಪ. ನಾಲ್ಕನೆಯ ಸುತ್ತಿನಲ್ಲಿ ಟೆಂಪೋದವನು ಸಮಕ್ಕೆ ಬಂದು ಕಿಟಕಿಯಿಂದ ಕೂಗಿದ. "ಅಕ್ಕಾರ, ಎಷ್ಟು ಸುತ್ತು ಹಾಕಬೇಕ್ರಿ ಇಲ್ಲಿ?"

"ಐದಪಾ!" ಎಂದು ಹಿಂದಿನ ಸೀಟಿನಿಂದ ದೊಡ್ಡವ್ವ ಬೆರಳೆತ್ತಿ ತೋರಿಸಿದಳು. ಅವನು ತಲೆಯಾಡಿಸಿ ಮತ್ತೆ ಹಿಂದಕ್ಕೆ ಸರಿದು ಸುತ್ತತೊಡಗಿದ.

ಯಜಮಾನರ ಮೊಬೈಲಿನ ನಕ್ಷೆಯಲ್ಲಿ ಈ ಸರ್ಕಲ್ಲು ಇನ್ನೂ ಹುಟ್ಟಿರಲಿಲ್ಲ. ಅದರಲ್ಲಿ ನಾವು ಯಾರದೋ ಹೊಲದ ನಡುವೆ ಸಗಣಿ ಹುಳದ ಹಾಗೆ ಗಿರಗಿರ ತಿರುಗುತ್ತಿದ್ದೆವು. ನಗುವಿನ ಭರದಲ್ಲಿ ನನ್ನ ಕಣ್ಣಲ್ಲಿ ನೀರು ಬಂದು ರಸ್ತೆ ಮಂಜಾಯಿತು. ಐದನೆಯ ಸುತ್ತು ಮುಗಿಯಿತು ಎಂದು ದೊಡ್ಡವ್ವ ಸಾರಿದಾಗ ನನಗೆ ಹೊಳೆದದ್ದು ಒಂದೇ: ನಾವು ಯಾವ ಬಾಯಿಯಿಂದ ಒಳಗೆ ಬಂದೆವು ಎಂಬುದು ಕಾರಿನಲ್ಲಿ ಯಾರಿಗೂ ಗೊತ್ತಿಲ್ಲ. ಗುಡ್ಡ ನೋಡಿ ದಿಕ್ಕು ತಿಳಿಯೋಣ ಎಂದರೆ ಸರ್ಕಲ್ಲಿನ ಸುತ್ತ ಅಗೆದು ಹಾಕಿದ ಮಣ್ಣಿನ ರಾಶಿಗಳು ಗುಡ್ಡಕ್ಕಿಂತ ಎತ್ತರ ನಿಂತಿದ್ದವು.

ಎಮ್ಮೆಯ ಹತ್ತಿರ ಗಾಡಿ ನಿಲ್ಲಿಸಿದೆ. ಯಜಮಾನರು ಇಳಿದು, ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿ ಬಂದರು. "ಗಜೇಂದ್ರಗಡ ಅಂತ ಬರದೈತಿ. ಬಾಣ ಹಿಂಗ ಐತಿ," ಎಂದು ಕೈ ಮಾಡಿದರು. ಸರಕಾರಿ ಬಾಣ, ನಂಬಬೇಕಲ್ಲ. ಹೊರಟೆವು. ಉಳ್ಳಾಗಡ್ಡಿ ಟೆಂಪೋವೂ ಹಿಂದೆ ಬಂತು.

ನಾಲ್ಕೈದು ಕಿಲೋಮೀಟರ್ ಹೋಗಿರಬೇಕು. ಕನ್ನಡಿಯಲ್ಲಿ ನೋಡುತ್ತೇನೆ, ಗುಡ್ಡ ಮತ್ತು ಫ್ಯಾನುಗಳೆಲ್ಲ ಹಿಂದೆ ಉಳಿದು ಸಣ್ಣಗಾಗುತ್ತಿವೆ.

"ದೊಡ್ಡವ್ವ, ಗುಡ್ಡ ಹಿಂದ ಹೊಂಟೈತಿ."

"ಗುಡ್ಡ ಎಲ್ಲೀಗೂ ಹೋಗೂದಿಲ್ಲ. ನೀನ ಹೊಂಟಿ."

"ಹಂಗಾದ್ರ ತಿರುಗಸ್ತೇನಿ."

"ತಿರುಗಂಗಿಲ್ಲ."

ಅಷ್ಟರಲ್ಲಿ ಫೋನು ಬಂತು. ಗಂಟೆ ಹನ್ನೊಂದೂಕಾಲು. "ಅಕ್ಕಾ, ಎಲ್ಲಿದ್ದೀರಿ? ಹಿರೇರೆಲ್ಲ ಕುಂತಾರ. ಅತ್ತಿ ಒಂದ ಬಾಳಿಹಣ್ಣರೆ ತಿನ್ನು ಅಂತ ಬೆನ್ನು ಹತ್ಯಾರ. ನಾ ಒಲ್ಲೆ ಅಂದೇನಿ."

"ತಿನ್ನವಾ, ದೇವರಾಣಿ ತಿನ್ನು!"

"ಬುತ್ತಿ ಬರ್ಲಿ," ಎಂದು ಇಟ್ಟುಬಿಟ್ಟಳು.

ನಗು ನಿಂತು ನನಗೆ ನಿಜವಾದ ಸಿಟ್ಟು ಬಂತು. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಹಿಂದಕ್ಕೆ ತಿರುಗಿ ಕೂತು ದೊಡ್ಡವ್ವನಿಗೆ ಬೈದೆ. ಆ ಕಡೆ ಬಸುರಿ ಹಸಿದು ಕೂತಿದ್ದಾಳೆ, ಈ ಕಡೆ ನೀನು ಪದ್ಧತಿ ಹಿಡಿದು ಕೂತಿದ್ದೀ, ಹೀಗೇ ಮುಂದೆ ಮುಂದೆ ಹೋದರೆ ಬುತ್ತಿ ಸಮುದ್ರ ಮುಟ್ಟುತ್ತದೆಯೇ ಹೊರತು ಗಜೇಂದ್ರಗಡ ಮುಟ್ಟುವುದಿಲ್ಲ ಎಂದೆ. ಸದಾ ಒಂದಕ್ಕೆ ಎರಡು ಮಾತಾಡುವ ಹೆಂಗಸು ಗಂಟಿನ ಮೇಲೆ ಕೈ ಆಡಿಸುತ್ತ, "ಒಮ್ಮೆ ತಿರುಗಿ ಬಂದೇನಿ. ಸಾಕು," ಎಂದಳು. ಯಾವಾಗ ಎಂದು ಕೇಳಬೇಕಿತ್ತು. ನಾನು ಸಿಟ್ಟಿನಲ್ಲಿದ್ದೆ, ಕೇಳಲಿಲ್ಲ.

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಮ್ಮ ಯಜಮಾನರು ನನ್ನನ್ನು ದಂಗುಬಡಿಸಿದ್ದು ಆ ಒಂದೇ ಸಲ. "ದೊಡ್ಡವ್ವಾರ," ಎಂದರು ಮೆಲ್ಲಗೆ, "ತಿರುಗೂದು ಬ್ಯಾಡ. ಮುಂದಿನ ಊರಾಗ ಕಟ್ಟಿ ಇದ್ದ ಇರ್ತೈತಿ. ಅದಕ್ಕೊಂದು ಸುತ್ತು ಹಾಕೂಣ್ರಿ. ದೇವರಿಗೆ ಸುತ್ತು ಹಾಕಿದ್ರ ತಿರುಗಿದಂಗ ಆಕ್ಕೈತೇನು? ಸುತ್ತು ಮುಗದ ಮ್ಯಾಲೆ ಮಾರಿ ಯಾವ ಕಡೆ ಇರ್ತೈತೋ ಆ ಕಡೆ ಮುಂದ ನಡಿಯೂದು."

ದೊಡ್ಡವ್ವ ಗಂಟನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು. ಕೊನೆಗೆ, "ಸುತ್ತು ಹಾಕೂದಕ್ಕ ಯಾರೂ ಬ್ಯಾಡನ್ನೂದಿಲ್ಲ," ಎಂದಳು.

ಒಂದು ಕಿಲೋಮೀಟರಿನಲ್ಲಿ ಸಣ್ಣ ಊರು, ಊರ ಬಾಗಿಲಲ್ಲಿ ಬೇವಿನ ಮರ, ಮರಕ್ಕೆ ಕಟ್ಟೆ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ನಾಲ್ಕು ಜನ ಮುದುಕರು. ಜಾಗ ಇಕ್ಕಟ್ಟು. ನಾನು ಇಂಚಿಂಚೇ ಗಾಡಿ ಸುತ್ತಿಸಿದೆ. ಗಾಡಿ ಹತ್ತಿರ ಬಂದ ಹಾಗೆ ಮುದುಕರು ಒಬ್ಬೊಬ್ಬರಾಗಿ ಕಾಲೆತ್ತಿ ಮೇಲಿಟ್ಟುಕೊಂಡರು, ದಾಟಿದ ಮೇಲೆ ಒಬ್ಬೊಬ್ಬರಾಗಿ ಇಳಿಬಿಟ್ಟರು. ಹಿಂದೆ ಉಳ್ಳಾಗಡ್ಡಿ ಟೆಂಪೋ ಬಂದಾಗ ಮತ್ತೆ ಎತ್ತಿಕೊಂಡರು. ಯಾರೂ ಯಾಕೆಂದು ಕೇಳಲಿಲ್ಲ. ಮುಕ್ಕಾಲು ಸುತ್ತಿಗೆ ನನ್ನ ರೋಗ ಮರಳಿ ಬಂತು, ಬ್ರೇಕಿನ ಮೇಲಿನ ಕಾಲು ಕೂಡ ನಗತೊಡಗಿತು.

ಸರ್ಕಲ್ಲಿಗೆ ಮತ್ತೆ ಬಂದಾಗ ನಮ್ಮ ಬೋರ್ಡಿನ ಗುಟ್ಟು ಕಣ್ಣೆದುರೇ ಬಯಲಾಯಿತು. ಎಮ್ಮೆ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ತಿಕ್ಕಿಕೊಳ್ಳುತ್ತಿತ್ತು. ಅದು ತಿಕ್ಕಿದ ಹಾಗೆ ಕಂಬ ಕಿರಕ್ ಎನ್ನುತ್ತ ಹೊರಳುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಗಜೇಂದ್ರಗಡ ಒಂದು ಗೇಣು ಆಚೆ ಸರಿಯಿತು. ಎಮ್ಮೆಯ ಒಡೆಯ, ರುಮಾಲಿನ ಅಜ್ಜ, ಪಕ್ಕದಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ.

"ಅಜ್ಜಾರ, ಗಜೇಂದ್ರಗಡಕ್ಕ ಎತ್ತಾಗ್ರಿ?"

"ಬೋರ್ಡ್ ನೋಡಬ್ಯಾಡ್ರಿ ತಂಗಿ. ಮುಂಜಾನೆ ರಾಜೂರ ಕಡೆ ತೋರಸ್ತಿತ್ತು, ಈಗ ನಮ್ಮ ಹೊಲಾ ತೋರಸಾಕತ್ತೈತಿ. ಅಕೋ, ಆ ಬಾಯಿ. ಸೀದಾ ಹೋಗ್ರಿ," ಎಂದು ಕೈ ತೋರಿಸಿದ. ಆಮೇಲೆ ಅಷ್ಟೇ ಸಮಾಧಾನದಿಂದ, "ಆದ್ರ ಈಗ ಹೋಗಾಕ ಆಗೂದಿಲ್ಲ," ಎಂದ.

ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಮಣ್ಣಿನ ರಾಶಿ ದಾಟಿದ ಕೂಡಲೇ ಕಂಡಿತು. ಗುಡ್ಡದ ಮೇಲೆ ಹಚ್ಚುವ ಫ್ಯಾನಿನ ಒಂದು ರೆಕ್ಕೆ, ನಮ್ಮ ಶಾಲೆಯ ಆರು ಖೋಲಿ ಸಾಲಿಗಿಟ್ಟಷ್ಟು ಉದ್ದದ್ದು, ಉದ್ದ ಗಾಡಿಯ ಮೇಲೆ ಮಲಗಿ ಬಂದು ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಗಾಡಿಯ ಮೂತಿ ಗಜೇಂದ್ರಗಡದ ಬಾಯೊಳಗೆ ಹೊಕ್ಕಿದೆ, ರೆಕ್ಕೆಯ ತುದಿ ಕುಂಕುಮ ಹಚ್ಚಿದ ಪೀಠಕ್ಕೆ ತಾಗಿ ನಿಂತಿದೆ, ಮುಂದೆ ಹೋದರೆ ಮಣ್ಣಿನ ರಾಶಿ, ಹಿಂದೆ ಬಂದರೆ ಪೀಠ. ಅದರ ಡ್ರೈವರು ಯಾವುದೋ ದೂರದ ಊರಿನವನು, ಹಿಂದಿ ಮಾತಾಡುವವನು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಅವನೂ ಎಮ್ಮೆಯ ಬೋರ್ಡು ನೋಡಿ ಎರಡು ಸುತ್ತು ಹಾಕಲು ಹೋಗಿದ್ದನಂತೆ. ಮಣ್ಣು ಸರಿಸುವ ಜೆಸಿಬಿ ಬರಲು ಒಂದು ತಾಸಾದರೂ ಬೇಕೆಂದರು.

ಮುಂದೆ ಹೋಗಲು ದಾರಿ ಇಲ್ಲ, ಹಿಂದೆ ತಿರುಗಲು ಅಪ್ಪಣೆ ಇಲ್ಲ. ಗಂಟೆ ಹನ್ನೆರಡು ದಾಟಿತ್ತು. ಈ ಸಲ ನಾನೇ ಫೋನು ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫ್ಯಾನು, ಎಮ್ಮೆ, ಐದು ಸುತ್ತು. ಹೇಳುತ್ತ ನಗು ಬಂತು, ಆ ಕಡೆಯಿಂದ ತಂಗಿ ಅಳುವುದು ಕೇಳಿಸಿತು. ನಗುತ್ತಲೇ ನನಗೂ ಅಳು ಬಂತು.

"ನಗಬ್ಯಾಡ ಅಕ್ಕಾ. ಕಣ್ಣು ಕತ್ತಲಿ ಬರಾಕತ್ಯಾವ ನಂಗ," ಎಂದಳು. ಮೂಗು ಸುರ್ರೆಂದು ಎಳೆದುಕೊಂಡು, "ಬುತ್ತಿ ಬರೋದಿಲ್ಲ ಅಂದ್ರ ನಾ ಬರ್ತೇನಿ. ಅಲ್ಲೇ ನಿಂದರ್ರಿ," ಎಂದಳು.

ಇಪ್ಪತ್ತು ನಿಮಿಷದಲ್ಲಿ ರೆಕ್ಕೆಯ ಆಚೆ ಬದಿಗೆ ಒಂದು ಆಟೋ ಬಂದು ನಿಂತ ಸದ್ದಾಯಿತು. ನಮಗೆ ಕಂಡದ್ದು ರೆಕ್ಕೆಯ ಕೆಳಗಿನಿಂದ ಕಾಲುಗಳು ಮಾತ್ರ. ಒಂದು ಜೊತೆ ಅವಳ ಗಂಡನ ಬೂಟು, ಒಂದು ಜೊತೆ ಅವಳ ಅತ್ತೆಯ ಚಪ್ಪಲಿ, ನಡುವೆ ಗಂಡನ ಮನೆಯವರು ಉಡಿಸಿದ ಹಸಿರು ಸೀರೆಯ ಅಂಚು ಮತ್ತು ಬಾತುಕೊಂಡ ಎರಡು ಬರಿಗಾಲು. ಚಪ್ಪಲಿ ಮೆಟ್ಟಲೂ ಮರೆತು ಬಂದಿದ್ದಳು.

"ದೊಡ್ಡವ್ವಾ!" ಎಂದವು ಆ ಕಾಲುಗಳು.

ದೊಡ್ಡವ್ವ ಕಾರಿನಿಂದ ಇಳಿದಳು. ಬುತ್ತಿಯನ್ನು ತಲೆಯ ಮೇಲಿಡು ಎಂದಳು, ಇಟ್ಟೆ. ರೆಕ್ಕೆಯ ಹತ್ತಿರ ಹೋಗಿ ನೋಡಿದಳು. ಗಾಡಿಯ ಚಕ್ರಗಳ ಹಿಂದೆ ರೆಕ್ಕೆ ನಡುಮಟ್ಟದ ಎತ್ತರದಲ್ಲಿತ್ತು. ಬುತ್ತಿಯನ್ನು ಮತ್ತೆ ಕೆಳಗಿಳಿಸಿ ಎದೆಗವಚಿಕೊಂಡು, ಎಪ್ಪತ್ತಮೂರು ವರ್ಷದ ಆ ಮುದುಕಿ ಮಂಡಿಯೂರಿದಳು.

"ದೊಡ್ಡವ್ವ, ತಡಿ, ನಾ ಒಯ್ತೇನಿ!"

"ಮುಟ್ಟಬ್ಯಾಡ," ಎಂದಳು ತಿರುಗಿ ನೋಡದೆ. ಡ್ರೈವರು ಓಡಿ ಬಂದು ಅವಳ ತಲೆಗೆ ತಾಗದಂತೆ ರೆಕ್ಕೆಗೆ ತನ್ನ ಅಂಗೈ ಅಡ್ಡ ಹಿಡಿದ. ನಾನೂ ಯಜಮಾನರೂ ಅವಳ ಹಿಂದೆ ಅಂಬೆಗಾಲಿಕ್ಕಿದೆವು. ಈಚೆ ಬದಿಯ ಬೈಕಿನವರು ಚಪ್ಪಾಳೆ ಹೊಡೆದರು. ನಡುವೆ ನನ್ನ ನಗು ಎಷ್ಟು ಜೋರಾಯಿತೆಂದರೆ ಅಲ್ಲೇ ರೆಕ್ಕೆಯ ಕೆಳಗೆ ಕೂತುಬಿಟ್ಟೆ, ಯಜಮಾನರು ಹಿಂದಿನಿಂದ ನೂಕಬೇಕಾಯಿತು.

ರೆಕ್ಕೆಯ ಆಚೆ ಒಳ್ಳೆಯ ನೆರಳು ಬಿದ್ದಿತ್ತು. ಸರ್ಕಲ್ಲಿನ ಅಂಚಿನ ಗಿಡ್ಡ ಕಟ್ಟೆಯ ಮೇಲೆ ತಂಗಿಯನ್ನು ಕೂರಿಸಿದೆವು. ಹಸಿರು ಬಳೆ, ತಲೆ ತುಂಬ ಹೂವಿನ ದಂಡೆ, ಹಸಿವಿಗೆ ಬಾಡಿದ ಮುಖ. ಅವಳ ಅತ್ತೆ, "ಎಂಥ ಮಂದಿರಿ ನೀವು," ಎಂದು ಶುರು ಮಾಡಿದವರು ದೊಡ್ಡವ್ವನ ಮಂಡಿಗೆ ಮೆತ್ತಿದ ಮಣ್ಣು ನೋಡಿ ನಿಲ್ಲಿಸಿದರು. ಸೆರಗಿನಿಂದ ತಾವೇ ಒರೆಸಿದರು.

ದೊಡ್ಡವ್ವ ಗಂಟು ಬಿಚ್ಚಿದಳು. ಮೊಸರು ಬುತ್ತಿಗೆ ಕೆಂಪು ಖಾರ ಒತ್ತಿ ಒಂದು ತುತ್ತು ಮಾಡಿ ತಂಗಿಯ ಬಾಯಿಗಿಟ್ಟಳು. ತಂಗಿ ಕಣ್ಣು ಮುಚ್ಚಿಕೊಂಡು ಅಗಿದಳು. ನುಂಗಿದ ಮೇಲೆ, "ಅವ್ವಂದ ಐತಿ ಈ ಖಾರ," ಎಂದು ಬಿಕ್ಕಿದಳು, ಬಿಕ್ಕುತ್ತಲೇ ಎರಡನೆಯ ತುತ್ತಿಗೆ ಬಾಯಿ ತೆರೆದಳು. ನಾಲ್ಕು ತುತ್ತು ಇಳಿದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಆಗ ನಮಗೆಲ್ಲ ಉಸಿರು ಬಂತು.

ನೂರು ರೊಟ್ಟಿ ಇದ್ದವು. ಎಮ್ಮೆಯ ಅಜ್ಜನಿಗೆ, ರೆಕ್ಕೆಯ ಡ್ರೈವರಿಗೆ, ಬೈಕಿನವರಿಗೆ, ಆಟೋದವನಿಗೆ, ಎರಡೂ ಬದಿ ಸಿಕ್ಕಿಕೊಂಡ ಗಾಡಿಗಳ ಮಂದಿಗೆ, ಎಲ್ಲರ ಕೈಗೂ ರೊಟ್ಟಿ ಬಂತು. ಟೆಂಪೋದವನು ಒಂದು ಉಡಿ ಉಳ್ಳಾಗಡ್ಡಿ ತಂದು ಸುರಿದು, ಗುದ್ದಿ ಗುದ್ದಿ ಎಲ್ಲರಿಗೂ ಹಂಚಿದ. ಎಣ್ಣೆಗಾಯಿ ತಿಂದ ಡ್ರೈವರು ಖಾರಕ್ಕೆ ಕುಣಿದ. ಐದು ಬಾಯಿಯ ಆ ಸರ್ಕಲ್ಲಿನಲ್ಲಿ ಆವತ್ತು ಐವತ್ತು ಬಾಯಿ ಉಂಡವು. ಮನೆಯಲ್ಲಿ ಕಾದು ಕೂತ ಹಿರಿಯರಿಲ್ಲದೆ, ಆರತಿಯಿಲ್ಲದೆ ಕುಬುಸ ಅಲ್ಲೇ ಆದಂತಾಯಿತು.

ನಾನು ತಂಗಿಯ ಕಾಲ ಹತ್ತಿರ ಕೂತು ಅವಳ ಪಾದದ ಮಣ್ಣು ಒರೆಸುತ್ತಿದ್ದೆ. ದೊಡ್ಡವ್ವ ನನ್ನ ಪಕ್ಕಕ್ಕೆ ಬಂದು ಕೂತಳು. ಕೈಯಲ್ಲಿ ಇನ್ನೊಂದು ತುತ್ತು ಇತ್ತು.

"ನಿಮ್ಮವ್ವ ಮೊದಲನೇದ್ದು ಬಸರಿದ್ದಾಗ ನಾನ ಬುತ್ತಿ ಕಟಗೊಂಡು ಹೊಳೆಮಣ್ಣೂರಿಗೆ ಹೋಗಿದ್ದೆ," ಎಂದಳು, ನನ್ನನ್ನು ನೋಡದ ಹಾಗೆ. "ಹೊಳಿ ಬಂದಿತ್ತು. ದಾರಿ ಮ್ಯಾಲೆ ಮಣಕಾಲ ಮಟ ನೀರು. ಆಚೆ ದಂಡಿಗೆ ನಿಂತು ನಿಮ್ಮವ್ವ ಕೈ ಮಾಡಾಕತ್ತಿದ್ಲು. ದಾಟಬೇಕಂದ್ರ ದಾಟಬೌದಿತ್ತು, ಬ್ಯಾರೇ ಮಂದಿ ದಾಟಿದ್ರು. ನಾ ಅಂಜಿದೆ. ಬುತ್ತಿ ಹೊತಗೊಂಡು ತಿರುಗಿ ಬಂದೆ. ಆಕಿ ದೀಪಾ ಹಚ್ಚೋತನಕ ಏನೂ ತಿನ್ನಲಿಲ್ಲಂತ, ಈಗೋ ಇನ್ನೊಂದೀಟಿಗೋ ಅಕ್ಕ ಬರ್ತಾಳಂತ ಕಾಯ್ಕೋತ ಕುಂತಿದ್ಲಂತ. ಸಾಯೋತನಕ ಒಂದು ದಿನಾನೂ ನಂಗ ಅಂದು ಆಡಲಿಲ್ಲ."

ಹೊಳೆಮಣ್ಣೂರಿನ ದಾರಿ ಬಂದಾಗೆಲ್ಲ ಅವಳು ಮಾರಿ ಯಾಕೆ ತಿರುಗಿಸಿಕೊಳ್ಳುತ್ತಾಳೆ ಎಂಬುದು ನನಗೆ ಆಗ ತಿಳಿಯಿತು. ಬುತ್ತಿ ತಿರುಗಬಾರದು ಎಂಬುದು ನಮ್ಮ ಹಿರಿಯರ ಪದ್ಧತಿಯೇನೂ ಆಗಿರಲಿಲ್ಲ. ಅದು ಅವಳೊಬ್ಬಳ ಪದ್ಧತಿ. ಅವ್ವನ ಮೊದಲ ಬಸಿರು ನಾನು.

"ಹೊಟ್ಟ್ಯಾಗಿದ್ದಾಕಿ ನೀನ," ಎಂದಳು ದೊಡ್ಡವ್ವ. "ಇದು ನಿಂದು. ಬಾಯಿ ತಗಿ."

ನಲವತ್ತೆಂಟು ವರ್ಷ ತಡವಾಗಿ ಬಂದ ಆ ತುತ್ತನ್ನು ನಾನು ತಿಂದೆ. ಆವತ್ತಿಡೀ ಬಿಡದೆ ಕಾಡಿದ ನಗು ಆಗ ಎಲ್ಲಿ ಹೋಗಿತ್ತೋ, ಒಂದಿಷ್ಟೂ ಬರಲಿಲ್ಲ. ಖಾರ ಹತ್ತಿತೆಂದು ತಿಳಿದು ಟೆಂಪೋದವನು ನೀರಿನ ಬಾಟಲಿ ಕೊಟ್ಟ.

ಜೆಸಿಬಿ ಬಂತು, ಮಣ್ಣು ಸರಿಯಿತು, ರೆಕ್ಕೆ ಒಮ್ಮೆ ಮೈ ಮುರಿದು ಮೆಲ್ಲಗೆ ಗುಡ್ಡದ ಕಡೆ ಹೊರಟಿತು. ತಂಗಿಯನ್ನು ಆಟೋ ಬಿಡಿಸಿ ನಮ್ಮ ಕಾರಿಗೆ ಹತ್ತಿಸಿಕೊಂಡೆವು. ದೊಡ್ಡವ್ವ ಖಾಲಿ ಬುಟ್ಟಿಯನ್ನು ತಾನಾಗಿಯೇ ಡಿಕ್ಕಿಗೆ ಎಸೆದು, ಸೀಟಿನಲ್ಲಿ ಕಾಲು ಚಾಚಿ ಕೂತಳು.

"ನಡಿ," ಎಂದಳು. "ಇನ್ನ ಎತ್ತಾಗ ಬೇಕಾದ್ರೂ ತಿರುಗಸು."